ಗೋಡೆಯ ಪಟ, ಗೋಡೆಯ ಪಾಡು

2025ರ ಆಗಸ್ಟ್‌ನಲ್ಲಿ ಅಬುಧಾಬಿಯ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಇಲಾಖೆ ಒಂದು ಶಿಲುಬೆಯ ಫೋಟೋ ಹೊರಗೆ ಬಿಟ್ಟಿತು. ಗಾರೆಯ ಫಲಕದ ಮೇಲೆ ಉಬ್ಬಾಗಿ ಮೂಡಿಸಿದ ಶಿಲುಬೆ. 27 ಸೆಂಟಿಮೀಟರ್ ಉದ್ದ, 17 ಅಗಲ, ದಪ್ಪ ಎರಡೇ ಸೆಂಟಿಮೀಟರ್. ವಯಸ್ಸು ಸುಮಾರು 1400 ವರ್ಷ. ಸಿಕ್ಕಿದ್ದು ಸರ್ ಬನಿಯಾಸ್ ದ್ವೀಪದ ಹಳೆಯ ಕ್ರೈಸ್ತ ಮಠದ ಉತ್ಖನನದಲ್ಲಿ. ನಾವಿರುವ ಬನಿಯಾಸ್ ಆ ದ್ವೀಪವಲ್ಲ. ಇದು ಅಬುಧಾಬಿ ಪೇಟೆಯಿಂದ ಒಳನಾಡಿನ ಕಡೆಗೆ, ಮುಸಫ್ಫಾದ ವರ್ಕ್‌ಶಾಪ್‌ಗಳನ್ನು ದಾಟಿದ ಮೇಲೆ ಸಿಗುವ ಬಡಾವಣೆ. ದುಬೈನ ದೇರಾದಲ್ಲಿ ಬನಿಯಾಸ್ ಹೆಸರಿನ ಚೌಕ ಒಂದಿದೆ. ಮೂರಕ್ಕೂ ಹೆಸರು ಕೊಟ್ಟದ್ದು ಈ ನಾಡಿನ ಬನಿ ಯಾಸ್ ಬುಡಕಟ್ಟು. ಹೆಸರು ಒಂದೇ ಆದರೂ ಇಲ್ಲಿಂದ ದ್ವೀಪಕ್ಕೆ ಹೋಗಬೇಕೆಂದರೆ ರುವೈಸ್ ಕಡೆಗೆ ಎರಡು, ಎರಡೂವರೆ ಗಂಟೆ ಕಾರು ಓಡಿಸಬೇಕು, ಜಬಲ್ ಧನ್ನಾದಲ್ಲಿ ದೋಣಿ ಹತ್ತಬೇಕು. ಅಲ್ಲಿ ಉಳಿಯಲು ಇರುವುದು ರೆಸಾರ್ಟು. ವಾರಕ್ಕೊಂದು ರಜೆಯಲ್ಲಿ ಬಟ್ಟೆ ಒಗೆದು, ಊರಿಗೆ ಫೋನ್ ಮಾಡಿ ಮುಗಿಸುವವರಿಗೆ ಅದು ಆಗುವ ಮಾತಲ್ಲ.

ಫೋಟೋ ಮಾತ್ರ ಎಲ್ಲರ ಮೊಬೈಲಿಗೂ ಬಂತು. ಬಂದ ದಿನ ರಾತ್ರಿ ಊಟದ ಹೊತ್ತಿಗೆ ನಮ್ಮಲ್ಲಿ ಅದೇ ಮಾತು. ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯರೊಬ್ಬರಿಗೆ ಶಿಲುಬೆ ನೋಡಿ ಖುಷಿಯಾಗಿತ್ತು, ಜೊತೆಗೇ ಒಂದು ಕಸಿವಿಸಿಯೂ ಇತ್ತು. "ಅದು ಪ್ರಾರ್ಥನೆ ಮಾಡಿದ ಜಾಗ ಮಾರಾಯ್ರೆ. ನಾಳೆಯಿಂದ ನೋಡಿ, ಜನ ಅಲ್ಲಿ ನಿಂತು ಸೆಲ್ಫಿ ಹೊಡೀಲಿಕ್ಕೆ ಸುರು ಮಾಡ್ತಾರೆ" ಎಂದರು. ಗದಗಿನ ಹುಡುಗನೊಬ್ಬ ರೊಟ್ಟಿ ಮುರಿಯುತ್ತಲೇ ಕೇಳಿದ: "ಫೋಟೋ ಬರದಿದ್ರ ಇದು ಸಿಕ್ಕದ್ದು ನಿಮಗರ ಹೆಂಗ ಗೊತ್ತಾಗ್ತಿತ್ತ್ರಿ ಅಣ್ಣಾರ?" ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಳುಬಿದ್ದ ಗುಡಿ, ಮಸೀದಿ, ಇಗರ್ಜಿಗಳ ಮುಂದೆ ಕ್ಯಾಮೆರಾ ಎತ್ತುವ ವಿಚಾರದಲ್ಲಿ ಯಾರೇ ಜಗಳಕ್ಕೆ ನಿಂತರೂ ಕೊನೆಗೆ ಈ ಎರಡರಲ್ಲೊಂದು ಮಾತಿಗೆ ಬಂದು ನಿಲ್ಲುತ್ತಾರೆ.

ಮೊದಲು ಆ ಮಠದ ಸಂಗತಿ. 1992ರಲ್ಲಿ ಅಬುಧಾಬಿಯ ದ್ವೀಪಗಳನ್ನು ಒಂದೊಂದಾಗಿ ಸಮೀಕ್ಷೆ ಮಾಡುತ್ತಿದ್ದ ಪುರಾತತ್ವ ತಂಡಕ್ಕೆ ಇದು ಸಿಕ್ಕಿತು. ಆಗ ಆ ದ್ವೀಪ ಶೇಖ್ ಜಾಯೆದ್ ಬೆಳೆಸಿದ ವನ್ಯಜೀವಿಧಾಮ. ಮಣ್ಣಿನಡಿಯಿಂದ ಗೋಡೆ ಬಂತು, ಮಡಕೆ ಚೂರು ಬಂತು. ಗಾರೆಯಲ್ಲಿ ಕೊರೆದ ಶಿಲುಬೆ, ದ್ರಾಕ್ಷಿಬಳ್ಳಿಗಳು ಕಂಡಮೇಲೆ ಇದು ಚರ್ಚು, ಸುತ್ತಲಿನವು ಸಂನ್ಯಾಸಿಗಳ ವಸತಿ ಎಂಬುದು ಖಚಿತವಾಯಿತು. ಏಳು ಮತ್ತು ಎಂಟನೇ ಶತಮಾನದ ಮಾತು. ಪರ್ಷಿಯಾ, ಮೆಸಪೊಟೇಮಿಯಾ ಕಡೆ ಬೇರೂರಿದ್ದ ಪೂರ್ವ ಸಿರಿಯನ್ ಸಂಪ್ರದಾಯದ ಕ್ರೈಸ್ತರು ಇವರು. ಕೊಲ್ಲಿಯ ಹಡಗುದಾರಿಯಲ್ಲೇ ಇವರ ಮಠಗಳಿದ್ದವು. ಅದೇ ದಾರಿ ನಮ್ಮ ಪಶ್ಚಿಮ ಕರಾವಳಿಗೂ ಬರುತ್ತಿತ್ತು. ಆರನೇ ಶತಮಾನದ ಪ್ರವಾಸಿ ಕಾಸ್ಮಾಸ್, ಕಲ್ಲಿಯಾನ ಎಂಬ ಊರಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಎಂದು ಬರೆದಿದ್ದಾನೆ. ಹೆಚ್ಚಿನವರು ಅದನ್ನು ಮುಂಬೈ ಪಕ್ಕದ ಕಲ್ಯಾಣ ಎನ್ನುತ್ತಾರೆ. ಉಡುಪಿ ಕಡೆಯವರು ನಮ್ಮ ಕಲ್ಯಾಣಪುರವೇ ಎಂದು ಪಟ್ಟು ಹಿಡಿಯುತ್ತಾರೆ. (ಈ ಜಗಳದಲ್ಲಿ ನಾನು ಉಡುಪಿಯವರ ಕಡೆ, ಪುರಾವೆ ಕೇಳಬೇಡಿ.) ಇಸ್ಲಾಂ ಬಂದ ಮೇಲೂ ಈ ಮಠ ಕೆಲಕಾಲ ನಡೆದೇ ಇತ್ತು. 2022ರ ನವೆಂಬರಿನಲ್ಲಿ ಉಮ್ ಅಲ್ ಕುವೈನ್‌ನ ಸಿನಿಯಾ ದ್ವೀಪದಲ್ಲೂ ಇಂಥದೇ ಇನ್ನೊಂದು ಮಠ ಸಿಕ್ಕ ಸುದ್ದಿ ಬಂತು.

ಸರ್ ಬನಿಯಾಸ್ ಮಠವನ್ನು ಜನರ ನೋಟಕ್ಕೆ ತೆರೆದದ್ದು 2010ರಲ್ಲಿ. 2019ರಲ್ಲಿ, ಎಮಿರೇಟ್ಸ್ 'ಸಹಿಷ್ಣುತೆಯ ವರ್ಷ' ಎಂದು ಸಾರಿದ್ದ ಆ ವರ್ಷ, ಚರ್ಚಿನ ಮೇಲೆ ಹೊಸ ಮಾಡು ಹಾಕಿ, ನಡೆದಾಡಲು ಹಾದಿ ಮಾಡಿ, ಫಲಕಗಳನ್ನು ನೆಟ್ಟರು. ಹೋದವರಿಗೆ ಅಲ್ಲಿ ಕಾಣುವುದು ತಗ್ಗು ಗೋಡೆಗಳು, ಕೋಣೆಗಳ ಅಡಿಪಾಯ, ಗಾರೆ ಉಳಿದಿರುವ ಕೆಲವು ಜಾಗ. ಹಂಪಿ, ಪಟ್ಟದಕಲ್ಲು ಕಂಡ ಕಣ್ಣಿಗೆ 'ಇಷ್ಟೇನಾ' ಅನಿಸೀತು. ಇಂಥ ತಾಣದಲ್ಲಿ ಫೋಟೋದ ಕೆಲಸ ಬೇರೆ. ಉತ್ಖನನ ಮಾಡುವವರು ತೆಗೆಯುವ ಪಟ ನೋಡಿ: ಮೂಲೆಯಲ್ಲಿ ಕಪ್ಪು ಬಿಳುಪು ಪಟ್ಟೆಯ ಅಳತೆಕೋಲು, ಉತ್ತರ ದಿಕ್ಕಿಗೆ ಒಂದು ಬಾಣ, ಒಂದು ಪುಟ್ಟ ಫಲಕದ ಮೇಲೆ ಗುಂಡಿಯ ಸಂಖ್ಯೆ, ತಾರೀಕು. ನೆರಳು ಬೀಳದ ಹೊತ್ತು ನೋಡಿ, ಗೋಡೆಗೆ ನೇರವಾಗಿ ನಿಂತು ತೆಗೆದದ್ದು. ಆ ಪಟದಲ್ಲಿ ಚೆಲುವು ಹುಡುಕಿದರೂ ಸಿಗದು. ಆದರೆ ಮಣ್ಣಿನ ಒಂದು ಪದರವನ್ನು ತೆಗೆದ ಮೇಲೆ ಅದು ಮತ್ತೆ ಬರುವುದಿಲ್ಲ. ಅಗೆತ ಎಂದರೇ ಸಾಕ್ಷ್ಯವನ್ನು ಕಳಚುತ್ತಾ ಹೋಗುವುದು. ಕಳಚಿದ್ದಕ್ಕೆ ಉಳಿಯುವ ದಾಖಲೆ ಆ ಪಟ, ಆ ನಕ್ಷೆ, ಆ ಟಿಪ್ಪಣಿ, ಅಷ್ಟೇ.

ಫೋಟೋ ಪರವಾಗಿ ಮಾತಾಡುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ನಮ್ಮ ಹಂಪಿಯದೇ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಈಗ 50 ರೂಪಾಯಿ ನೋಟಿನ ಬೆನ್ನಿನಲ್ಲಿ ಎಲ್ಲರ ಜೇಬಿನಲ್ಲೂ ಇದೆ. ಆ ರಥಕ್ಕೆ ಮೇಲೊಂದು ಗೋಪುರವಿತ್ತು ಎಂಬುದು ನೋಟು ನೋಡಿದರೆ ಗೊತ್ತಾಗುವುದಿಲ್ಲ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ 60ಕ್ಕೂ ಹೆಚ್ಚು ಪಟ ತೆಗೆದ. ಅವುಗಳಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ ಸ್ಪಷ್ಟವಾಗಿ ನಿಂತಿದೆ. ಈಗ ಅದಿಲ್ಲ. ಗ್ರೀನ್‌ಲಾ ಆ ಭಾರದ ಪೆಟ್ಟಿಗೆಯನ್ನು ಆ ಬಿಸಿಲಿನಲ್ಲಿ ಹೊರಿಸಿಕೊಂಡು ತಿರುಗದಿದ್ದರೆ ಕಲ್ಲಿನ ರಥ ಎಂದರೆ ಮೊದಲಿನಿಂದಲೂ ಬೋಳುತಲೆಯದೇ ಎಂದು ನಾವೆಲ್ಲ ನಂಬುತ್ತಿದ್ದೆವು. ಆ ನೆಗೆಟಿವ್‌ಗಳು ಹೊರಜಗತ್ತಿಗೆ ಕಂಡದ್ದು 1980ರಲ್ಲಿ. ಮೂರು ವರ್ಷದ ನಂತರ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಹೋಯಿತು, ಯಾವ ಗಾರೆ ಉದುರಿತು, ಎಲ್ಲಿ ಯಾರು ಆಸರೆ ಕೊಟ್ಟರು ಎಂಬುದೆಲ್ಲ ಓದಲು ಬರುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಕನ್ನಂಬಾಡಿಯದು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ ವೇಣುಗೋಪಾಲಸ್ವಾಮಿ ದೇವಸ್ಥಾನ, ಹೊಯ್ಸಳರ ಕಾಲದ್ದು, ಬರಗಾಲದಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತಿತ್ತು. ಖೋಡೆ ಪ್ರತಿಷ್ಠಾನ ಅದನ್ನು ಕಳಚಿ ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿಸಿತು. ಕಲ್ಲು ಕಲ್ಲಿಗೂ ಗುರುತು ಹಾಕಿ, ಸಾವಿರಾರು ಫೋಟೋ ತೆಗೆದು, ಆಮೇಲೆ ಬಿಚ್ಚಿದರು. ಇಲ್ಲಿ ಕ್ಯಾಮೆರಾ ಹೊರಗಿನಿಂದ ಬಂದು ಇಣುಕಿದ ಪರದೇಶಿಯಲ್ಲ; ಶಿಲ್ಪಿಯ ಉಳಿ ಸುತ್ತಿಗೆಯ ಜೊತೆಗಿನ ಇನ್ನೊಂದು ಹತಾರ. ದೇವರು ನೀರಿನಿಂದ ಮೇಲೆದ್ದು ಬಂದು ಪೂಜೆ ಕಂಡದ್ದರಲ್ಲಿ ಆ ಪಟಗಳ ಪಾಲೂ ಇದೆ. ಪವಿತ್ರ ಜಾಗಕ್ಕೆ ಕ್ಯಾಮೆರಾ ಸಲ್ಲದು ಎಂದು ಸಾರಾಸಗಟಾಗಿ ಹೇಳುವವರು ಈ ಸಂಗತಿಗೆ ಉತ್ತರ ಕೊಡಬೇಕು.

ಕಳ್ಳತನದ ಲೆಕ್ಕವೂ ಇದೆ. ತಮಿಳುನಾಡಿನ ಶ್ರೀಪುರಂದಾನ್ ಊರಿನಿಂದ ಕದ್ದ ನಟರಾಜನ ವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1994ರಲ್ಲಿ ಅದೇ ವಿಗ್ರಹವನ್ನು ಅದೇ ದೇವಸ್ಥಾನದಲ್ಲಿ ಫೋಟೋ ತೆಗೆದಿಟ್ಟಿದ್ದರು. ಆ ಪಟ ಎದುರಿಗೆ ಬಂದಾಗ ವಾದಿಸಲು ಏನೂ ಉಳಿಯಲಿಲ್ಲ. 2014ರಲ್ಲಿ ನಟರಾಜ ವಾಪಸು ಬಂದ. ನಮ್ಮ ಹಳ್ಳಿಗಳ ಪಾಳುಗುಡಿಗಳಲ್ಲಿ ಬೀಗವೂ ಇಲ್ಲದೆ ನಿಂತ ಎಷ್ಟೋ ವೀರಗಲ್ಲು, ಸಪ್ತಮಾತೃಕೆಯರಿಗೆ ಇಂಥ ಒಂದು ಪಟವೂ ಇಲ್ಲ. ಕಳುವಾದರೆ ಪೊಲೀಸ್ ಠಾಣೆಯಲ್ಲಿ ದೂರು ಬರೆಸುವವನು 'ಸುಮಾರು ಮೂರಡಿ ಎತ್ತರದ ಕಪ್ಪು ಕಲ್ಲು' ಎಂದಷ್ಟೇ ಹೇಳಬೇಕು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ಮುಚ್ಚಿಡಬಾರದು: ಅದೇ ನಟರಾಜನನ್ನು ಕದ್ದ ಜಾಲದವರೂ ವಿಗ್ರಹಗಳ ಫೋಟೋ ತೆಗೆದು ವ್ಯಾಪಾರಿಗೆ ಕಳಿಸುತ್ತಿದ್ದರು. ಇಂತಿಂಥ ಊರಿನ ಹೊರಗೆ, ಇಂತಿಂಥ ಹೊಲದಲ್ಲಿ, ಕಾವಲಿಲ್ಲದ ವಿಗ್ರಹವಿದೆ ಎಂದು ಜಾಗದ ಗುರುತು ಸಮೇತ ಜಾಲತಾಣದಲ್ಲಿ ಹಾಕುವ ಉತ್ಸಾಹಿಗಳು ಯಾರಿಗೆ ದಾರಿ ತೋರಿಸುತ್ತಿದ್ದೇವೆ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಈಗ ಎದುರು ಪಕ್ಷ. ಅವರ ಮಾತನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕುವ ಚಾಳಿ ಫೋಟೋ ತೆಗೆಯುವವರಲ್ಲಿ ಇದೆ. ಅದು ಸರಿಯಲ್ಲ. ಫುಜೈರಾದ ಅಲ್ ಬಿದ್ಯಾ ಮಸೀದಿಯನ್ನು ನೋಡಿ. ಕಲ್ಲು, ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಮೆತ್ತಿದ ಪುಟ್ಟ ಕಟ್ಟಡ. ನಡುವೆ ಒಂದೇ ಕಂಬ, ಅದರ ಸುತ್ತ ಒಂದರಂತೆ ಇನ್ನೊಂದಿಲ್ಲದ ನಾಲ್ಕು ಗುಮ್ಮಟ. 1446ರ ಸುಮಾರಿನದೆಂದು ಲೆಕ್ಕ. ಪ್ರವಾಸಿಗಳಿಗೆ ಅದು 'ಹಳೆಯ ಕಟ್ಟಡ', ಬಸ್ಸಿಳಿದು ಹತ್ತು ನಿಮಿಷದಲ್ಲಿ ಪಟ ತೆಗೆದು ಮುಗಿಸುವ ಜಾಗ. ಸುತ್ತಲಿನವರಿಗೆ ಅದು ಇವತ್ತಿನ ಮಸೀದಿ; ನಮಾಜು ಈಗಲೂ ನಡೆಯುತ್ತದೆ. ಒಳಗೆ ನಾಲ್ಕು ಜನ ಮೊಣಕಾಲೂರಿದರೆ ಜಾಗ ತುಂಬಿದಂತೆ ಅನಿಸುವಷ್ಟು ಚಿಕ್ಕದು. ಅಲ್ಲಿ ಕ್ಯಾಮೆರಾ ಎತ್ತಿದರೆ ಗುಮ್ಮಟದ ಜೊತೆಗೆ ಯಾರದೋ ಬಾಗಿದ ಬೆನ್ನೂ ಬರುತ್ತದೆ. ಆ ಬೆನ್ನಿನವನನ್ನು ಕೇಳಿದವರು ಯಾರು? ಎಮಿರೇಟ್ಸ್‌ನಲ್ಲಿ ಇದು ಬರೀ ಸಭ್ಯತೆಯ ಪ್ರಶ್ನೆಯಲ್ಲ, ಕಾನೂನಿನದೂ ಹೌದು. 2021ರ ಸೈಬರ್ ಅಪರಾಧ ಕಾಯ್ದೆಯ 44ನೇ ವಿಧಿಯಡಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೋ ತೆಗೆದು ಅವರ ಖಾಸಗಿತನಕ್ಕೆ ಧಕ್ಕೆ ತಂದರೆ ಜೈಲು, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್‌ವರೆಗೆ ದಂಡ. ಊರಿನಿಂದ ಹೊಸದಾಗಿ ಬಂದವರಿಗೆ ನಾವು ಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು. 2013ರಲ್ಲಿ ಪಾಪ್ ಗಾಯಕಿ ರಿಹಾನ್ನಾ ಅಬುಧಾಬಿಯ ಶೇಖ್ ಜಾಯೆದ್ ಮಸೀದಿಯ ಅಂಗಳದಲ್ಲಿ ಭಂಗಿ ಕೊಟ್ಟು ಪಟ ತೆಗೆಸಿಕೊಂಡಾಗ ಹೊರಗೆ ಹೋಗಿ ಎಂದಿದ್ದರು. ಆಕೆಯ ಮೈಯೆಲ್ಲ ಮುಚ್ಚಿತ್ತು. ಅಲ್ಲಿನವರು ಒಪ್ಪದೆ ಇದ್ದದ್ದು ಭಂಗಿಯನ್ನು.

ಕರ್ನಾಟಕದಲ್ಲೂ 2023ರ ಜುಲೈನಲ್ಲಿ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳೊಳಗೆ ಮೊಬೈಲ್ ಬಳಸಬಾರದೆಂದು ಆದೇಶ ಮಾಡಿತು. ಆಗ ಬೆಂಗಳೂರಿನ ಕೆಲವು ಗೆಳೆಯರು ಗೊಣಗಿದರು. ಮಂಗಳಾರತಿಯ ಹೊತ್ತಿಗೆ ಮುಂದಿನ ಸಾಲಿನವರು ಎತ್ತಿದ ಮೊಬೈಲುಗಳ ಪರದೆಯಲ್ಲೇ ದೇವರ ದರ್ಶನ ಮಾಡಬೇಕಾದ ಹಿಂದಿನ ಸಾಲಿನ ಅಜ್ಜಿಯ ಕಡೆಯಿಂದ ನೋಡಿದರೆ ಆ ಆದೇಶದಲ್ಲಿ ತಪ್ಪೇನೂ ಕಾಣದು. ಗರ್ಭಗುಡಿಯ ಮುಂದೆ ಕ್ಯಾಮೆರಾ ಬೇಡ ಎನ್ನುವುದಕ್ಕೆ ಶಾಸ್ತ್ರದ ಕಾರಣ ಹುಡುಕಬೇಕಿಲ್ಲ; ಪಕ್ಕದವರ ಭಕ್ತಿಗೆ ಅಡ್ಡ ಬರಬಾರದು ಎಂಬುದೊಂದೇ ಸಾಕು.

ಅಲ್ಲಿ ಪೂಜೆ ನಡೆಯುತ್ತಿದೆ, ಇಲ್ಲಿ ಹಾಳಾಗಿದೆ, ಹಾಗಾಗಿ ಅಲ್ಲಿ ಬೇಡ, ಇಲ್ಲಿ ಅಡ್ಡಿಯಿಲ್ಲ ಎಂದು ಸಲೀಸಾಗಿ ಗೆರೆ ಎಳೆದುಬಿಡಬಹುದು ಎಂದು ಬಹಳ ಜನ ಹೇಳುತ್ತಾರೆ. ನನಗೂ ಆ ಗೆರೆ ಬಹಳ ಕಾಲ ಸಾಕಾಗಿತ್ತು. ಹಂಪಿಯಲ್ಲಿ ಅದು ನಿಲ್ಲುವುದಿಲ್ಲ. ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ, ತೇರು. ಎದುರಿನ ಬೀದಿಯ ಸಾಲು ಮಂಟಪಗಳಲ್ಲಿ ದಶಕಗಳ ಕಾಲ ಜನ ಸಂಸಾರ ಹೂಡಿದ್ದರು, ಅಂಗಡಿ ಇಟ್ಟಿದ್ದರು. 2011ರ ಜುಲೈನಲ್ಲಿ ಅವರನ್ನು ಎಬ್ಬಿಸಿದರು. ಸ್ಮಾರಕದ ರಕ್ಷಣೆ, ಕಾನೂನು, ನ್ಯಾಯಾಲಯ, ಕಾರಣಗಳು ಬೇಕಾದಷ್ಟಿದ್ದವು, ಅವು ಸುಳ್ಳೂ ಅಲ್ಲ. ಆದರೆ ಜನರಿಲ್ಲದ ಬೀದಿಯೇ ಅಸಲಿ ಹಂಪಿ ಎಂಬ ಕಲ್ಪನೆ ನಮಗೆ ಬಂದದ್ದು ಎಲ್ಲಿಂದ? ಗ್ರೀನ್‌ಲಾ ಕಾಲದ ಕ್ಯಾಮೆರಾದಲ್ಲಿ ಪಟ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು. ಕಲ್ಲು ನಿಲ್ಲುತ್ತಿತ್ತು, ನಡೆದಾಡುವ ಮನುಷ್ಯ ನಿಲ್ಲುತ್ತಿರಲಿಲ್ಲ, ಆದ್ದರಿಂದ ಪಟದಲ್ಲಿ ಉಳಿಯುತ್ತಿರಲಿಲ್ಲ. ಆಮೇಲಿನವರು ಬೇಕೆಂದೇ ಜನರನ್ನು ಬದಿಗೆ ಸರಿಸಿ ಪಟ ತೆಗೆದರು. ಕಾಫಿ ಟೇಬಲ್ ಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ ನೂರಾರು ಸಲ ಆ ನಿರ್ಜನ ಹಂಪಿಯನ್ನೇ ನೋಡಿದ ಕಣ್ಣಿಗೆ ಮಂಟಪದಲ್ಲಿ ಒಣಗಲು ಹಾಕಿದ ಸೀರೆ ಒತ್ತುವರಿಯಾಗಿ ಕಾಣುವುದು ಸಹಜ. ಎಬ್ಬಿಸಿದ್ದಕ್ಕೆ ಫೋಟೋಗಳೇ ಕಾರಣ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಅವುಗಳ ಪಾಲು ಏನೂ ಇಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಎದುರು ಪಕ್ಷದವರ ವಾದಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಕಲ್ಲು ಮುರಿದರೆ ಕಣ್ಣಿಗೆ ಕಾಣುತ್ತದೆ. ಇದು ಹಾಗೆ ಕಾಣುವುದಿಲ್ಲ.

ಕಲ್ಲು ಮುರಿಯುವ ಮಾತೂ ಇದೆ. 2019ರ ಫೆಬ್ರವರಿಯಲ್ಲಿ ಹಂಪಿಯ ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದಲ್ಲಿ ಯುವಕರು ನಿಂತ ಕಂಬವನ್ನು ತಳ್ಳಿ ಬೀಳಿಸುವ ವಿಡಿಯೋ ಹರಿದಾಡಿತು. ಕಂಬ ಬೀಳುವುದನ್ನು ಜಗತ್ತಿಗೆ ತೋರಿಸಬೇಕೆಂದೇ ಬೀಳಿಸಿದಂತಿತ್ತು. ಫೋಟೋದ ಹುಚ್ಚು ಎಲ್ಲಿಗೆ ತಲುಪುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ ಅದೇ ವಿಡಿಯೋ ಇಲ್ಲದಿದ್ದರೆ ಅವರು ಸಿಕ್ಕಿಬೀಳುತ್ತಲೂ ಇರಲಿಲ್ಲ. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಅವರ ಕೈಯಿಂದಲೇ ಕಂಬ ಮತ್ತೆ ನಿಲ್ಲಿಸಿತು. ಯಾರೂ ಫೋಟೋ ತೆಗೆಯದೆ, ಯಾರ ಗಮನಕ್ಕೂ ಬಾರದೆ ನಿಧಿಯಾಸೆಗೆ ಅಗೆದುಹಾಕಿದ ಗುಡಿಗಳು ನಮ್ಮ ಬಯಲುಸೀಮೆಯ ತುಂಬ ಇವೆ. ಅವುಗಳ ಪರವಾಗಿ ಯಾವ ವಿಡಿಯೋವೂ ಸಾಕ್ಷಿ ಹೇಳಲಿಲ್ಲ. ಕಲ್ಲಿನ ರಥದ ಸುತ್ತ ಮರದ ಬೇಲಿ ಬಂದದ್ದು ಸುಮಾರು 2020ರ ಕೊನೆಗೆ. ಅದನ್ನು ಹತ್ತಿ, ಚಕ್ರಕ್ಕೆ ಒರಗಿ ಪಟ ತೆಗೆಸಿಕೊಳ್ಳುವವರ ಕಾಟ ಅಷ್ಟಿತ್ತು. ಬೇಲಿ ಹಾಕಿದ ಮೇಲೆ 'ಫೋಟೋ ಕೆಟ್ಟಿತು' ಎಂದು ಸಿಡಿಮಿಡಿಗೊಂಡವರನ್ನೂ ಕೇಳಿದ್ದೇನೆ. ಕೆಟ್ಟರೆ ಕೆಡಲಿ.

ಹಾಗಾದರೆ ನಿಷೇಧವೇ ದಾರಿಯೆ? ನಿಷೇಧದ ಇತಿಹಾಸ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಎಷ್ಟೋ ತಾಣಗಳಲ್ಲಿ 2018ರವರೆಗೂ ಒಳಗೆ ಕ್ಯಾಮೆರಾ ಬಿಡುತ್ತಿರಲಿಲ್ಲ. ಆ ವರ್ಷದ ಜುಲೈನಲ್ಲಿ ಪ್ರಧಾನಿಯವರೇ ಇಲಾಖೆಯ ಹೊಸ ಕಚೇರಿಯ ಉದ್ಘಾಟನೆಯಲ್ಲಿ ಈ ಕಾಲದಲ್ಲೂ ಇದೇಕೆ ಎಂದು ಕೇಳಿದರು. ಅದರ ಬೆನ್ನಿಗೇ ತಾಜ್‌ಮಹಲಿನ ಸಮಾಧಿ, ಅಜಂತಾ ಗುಹೆ, ಲೇಹ್ ಅರಮನೆ ಬಿಟ್ಟು ಉಳಿದೆಡೆ ನಿರ್ಬಂಧ ತೆಗೆದರು. ಹಾಗೆ ತಟಕ್ಕನೆ ತೆಗೆಯಬಹುದಾದ ನಿಯಮವನ್ನು ಇಷ್ಟು ದಶಕ ಇಟ್ಟುಕೊಂಡದ್ದಾದರೂ ಏಕೆ? ಕಲ್ಲಿಗೆ ಫ್ಲ್ಯಾಶ್‌ನಿಂದ ಏನೂ ಆಗುವುದಿಲ್ಲ. ವರ್ಣಚಿತ್ರಗಳಿಗೆ ಬೆಳಕಿನ ಭಯವಿದೆ, ಅಲ್ಲಿ ಎಚ್ಚರ ಬೇಕು, ಸರಿ. ಉಳಿದ ಕಡೆ ಕ್ಯಾಮೆರಾ ಬೇಡ ಎಂದದ್ದರಲ್ಲಿ ಸಂರಕ್ಷಣೆಗಿಂತ ಇಲಾಖೆಯ ನಿರಾಳವೇ ಹೆಚ್ಚಿತ್ತೆಂದು ನನ್ನ ಅನುಮಾನ. ಸೋರುವ ಚಾವಣಿ, ಸಿಮೆಂಟು ಮೆತ್ತಿದ ಬಿರುಕು, ಶಿಲಾಶಾಸನದ ಮೇಲೆ ಬಳಿದ ಸುಣ್ಣ ಯಾರ ಪಟದಲ್ಲೂ ಬಾರದಿದ್ದರೆ ಯಾರೂ ಪತ್ರ ಬರೆಯುವುದಿಲ್ಲ. ಕಾವಲುಗಾರನ ಕೈಗೆ ಹತ್ತಿಪ್ಪತ್ತು ರೂಪಾಯಿ ಸೇರಿದರೆ ಅದೇ ನಿಷೇಧ ಕಣ್ಣುಮುಚ್ಚಿಕೊಳ್ಳುತ್ತಿದ್ದದ್ದು ಹಂಪಿ, ಬಾದಾಮಿಗಳಿಗೆ ಹೋದ ಯಾರಿಗೆ ಗೊತ್ತಿಲ್ಲ?

ಫೋಟೋಗೆ ಹಾಕುವ ಅಡಿಬರಹದ ಸಂಗತಿ ಇವೆಲ್ಲಕ್ಕಿಂತ ನಾಜೂಕಿನದು. ಸರ್ ಬನಿಯಾಸ್ ಶಿಲುಬೆಯ ಪಟದ ಜೊತೆಗೆ ಸಹಬಾಳ್ವೆ, ಸಹಿಷ್ಣುತೆಯ ಮಾತೂ ಬಂತು. ಮಠ ಇಸ್ಲಾಂ ಬಂದ ಮೇಲೂ ಉಳಿದಿತ್ತು ಎಂಬುದು ಅಗೆತದಿಂದ ತಿಳಿದ ನಿಜ. ಇವತ್ತು ಅದನ್ನು ಎತ್ತಿ ತೋರಿಸುವುದರಲ್ಲಿ ಇವತ್ತಿನ ಸರ್ಕಾರದ ಆಸಕ್ತಿ ಇದೆ ಎಂಬುದೂ ನಿಜ. ಇದನ್ನು ಕೊಂಕು ಎಂದು ತಿಳಿಯಬೇಡಿ. ಪರಧರ್ಮದ ಅವಶೇಷವೊಂದನ್ನು ಅಗೆದು, ಮಾಡು ಹಾಕಿ, ಹೆಮ್ಮೆಯಿಂದ ಪಟ ಹಂಚುವ ಸರ್ಕಾರಗಳು ಎಷ್ಟಿವೆ? ಆದರೆ ಪಟ ತಾನಾಗಿ ಏನನ್ನೂ ಹೇಳದು, ಹೇಳಿಸಿದ್ದನ್ನು ಹೇಳುತ್ತದೆ. ಊರಿನಲ್ಲಿ ಇದರ ಇನ್ನೊಂದು ಮುಖ ನೋಡುತ್ತೇವೆ. ಯಾವುದೋ ರಾಜ್ಯದ ಯಾವುದೋ ಮುರುಕು ಮೂರ್ತಿಯ ಪಟಕ್ಕೆ 'ನಮ್ಮ ಜಿಲ್ಲೆಯಲ್ಲಿ ಇಂಥವರು ಒಡೆದದ್ದು' ಎಂದು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟರೆ ಸಂಜೆಯೊಳಗೆ ಬನಿಯಾಸ್‌ನ ನಮ್ಮ ರೂಮಿಗೂ ಬಂದು ಬೀಳುತ್ತದೆ, ಒಟ್ಟಿಗೆ ಉಂಡವರ ನಡುವೆ ಎರಡು ದಿನ ಮಾತಿಲ್ಲದಂತೆ ಮಾಡುತ್ತದೆ. ಅಂಥ ಪಟಕ್ಕೆ ಊರು, ತಾರೀಕು, ತೆಗೆದವರ ಹೆಸರು ಒಂದೂ ಇರುವುದಿಲ್ಲ. ಅಳತೆಕೋಲು, ಬಾಣ, ಫಲಕ ಇಟ್ಟು ತೆಗೆದ ಆ ಸಪ್ಪೆ ಪಟವನ್ನು ಹೀಗೆ ಬಳಸಿಕೊಳ್ಳುವುದು ಕಷ್ಟ. ಅದರ ಮೈಮೇಲೆಯೇ ಅದರ ವಿಳಾಸ ಬರೆದಿದೆ.

ಮಂಗಳೂರಿನ ಗೆಳೆಯರ ಕಸಿವಿಸಿಗೆ ಮರಳಿ ಬರುತ್ತೇನೆ. ಆ ಸಂನ್ಯಾಸಿಗಳು ದ್ವೀಪಕ್ಕೆ ಹೋದದ್ದೇ ಲೋಕದ ಕಣ್ಣಿನಿಂದ ದೂರ ಇರಲೆಂದು. ಅವರ ಶಿಲುಬೆಗಳಲ್ಲಿ ಯೇಸುವಿನ ಆಕೃತಿ ಕೂಡ ಇಲ್ಲ, ಬರಿಯ ಶಿಲುಬೆ. ಅಂಥವರ ಕೋಣೆಯ ಗೋಡೆ ಇವತ್ತು ಎಲ್ಲರ ಬೆರಳ ತುದಿಯಲ್ಲಿ. ಇದು ಅವರಿಗೆ ಒಪ್ಪಿಗೆಯಾಗುತ್ತಿತ್ತೇ ಎಂದರೆ, ಬಹುಶಃ ಇಲ್ಲ. ಆದರೆ ಆ ದ್ವೀಪಕ್ಕೆ ಎಂದೂ ಹೋಗಲಾರದ ಇನ್ನೊಬ್ಬ ಕ್ರೈಸ್ತ, ಮುಸಫ್ಫಾದಲ್ಲಿ ವೆಲ್ಡಿಂಗ್ ಕೆಲಸದವರು, ಅದೇ ಪಟವನ್ನು ಮೊಬೈಲಿನ ಮುಖಪುಟಕ್ಕೆ ಹಾಕಿಕೊಂಡಿದ್ದಾರೆ. ಅವರಿಗೆ ಅದು ಪುರಾತತ್ವವಲ್ಲ. ಪಟ ತೆಗೆದರೆ ಪಾವಿತ್ರ್ಯ ಹೋಗುತ್ತದೆ ಎಂಬ ಮಾತು ಅವರ ಮುಂದೆ ನಿಲ್ಲುವುದಿಲ್ಲ. ಸತ್ತವರ ಒಪ್ಪಿಗೆ ಕೇಳಲಾಗದ ಕಡೆ ಬದುಕಿರುವವರ ಹಂಬಲಕ್ಕೆ ಒಂದು ತೂಕ ಹೆಚ್ಚು ಕೊಡುವವನು ನಾನು. ಬದುಕಿರುವವರು ಅಲ್ಲೇ ಮೊಣಕಾಲೂರಿ ಕೂತಿದ್ದರೆ, ಅವರು ಬೇಡ ಎಂದರೆ ಬೇಡ. ಅಲ್ಲಿ ಇತಿಹಾಸದ ಹೆಸರು ಹೇಳಿ ವಾದಕ್ಕಿಳಿಯುವುದು ನನಗೆ ಹಿಡಿಸದು.

ನನ್ನ ತಕ್ಕಡಿ ಇನ್ನೂ ಓಲಾಡುವುದು ಶೆಟ್ಟಿಹಳ್ಳಿಯ ಇಗರ್ಜಿಯ ವಿಚಾರದಲ್ಲಿ. ಹಾಸನದ ಹತ್ತಿರ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಎದ್ದುಹೋಯಿತು, ಇಗರ್ಜಿ ಹಿನ್ನೀರಿನಲ್ಲಿ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬಿರುಕುಬಿಟ್ಟ ನೆಲದ ಮೇಲೆ ಪೂರ್ತಿ ಕಾಣುತ್ತದೆ. ಕರ್ನಾಟಕದಲ್ಲಿ ಇದರಷ್ಟು ಫೋಟೋ ತೆಗೆಸಿಕೊಂಡ ಹಾಳು ಇಗರ್ಜಿ ಇನ್ನೊಂದಿರಲಾರದು. ಮದುವೆಗೆ ಮುಂಚಿನ ಫೋಟೋಶೂಟಿಗೆ ಜೋಡಿಗಳು ಬರುತ್ತವೆ, ಗೌನಿನ ಸೆರಗು ಗೋಡೆಗೆ ತಾಗುತ್ತದೆ, ಕಮಾನಿನ ಕೆಳಗೆ ಬಣ್ಣದ ಹೊಗೆ ಹಾರಿಸುತ್ತಾರೆ, ಪಕ್ಕದಲ್ಲಿ ಯಾರೋ ಬಿಸ್ಕತ್ತಿನ ಖಾಲಿ ಪ್ಯಾಕೆಟ್ಟು ಬಿಟ್ಟುಹೋಗುತ್ತಾರೆ. ನೀರು, ಬಿಸಿಲು ಸೇರಿ ಸವೆಸುತ್ತಿರುವ ಗೋಡೆಗೆ ಈ ಕಾಲ್ತುಳಿತವೂ ಸೇರಿದೆ. ಇನ್ನೊಂದು ಕಡೆ, ಈ ಜೋಡಿಗಳು, ಬೈಕಿನ ಹುಡುಗರು ಬರದೆ ಇದ್ದಿದ್ದರೆ ಆ ಇಗರ್ಜಿಯ ಹೆಸರು ಹಾಸನ ಜಿಲ್ಲೆಯಾಚೆ ಯಾರಿಗೂ ಗೊತ್ತಿರುತ್ತಿರಲಿಲ್ಲ, ಉಳಿಸಿ ಎಂದು ಕೇಳುವವರೂ ಇರುತ್ತಿರಲಿಲ್ಲ.

ಈ ಪಟಗಳಿಂದ ಇನ್ನೊಂದು ಪ್ರಯೋಜನ ಆಗಬಹುದಿತ್ತು. ಎಲ್ಲವಕ್ಕೂ ತಾರೀಕಿದೆ. ಒಟ್ಟುಗೂಡಿಸಿ ಸಾಲಾಗಿ ಇಟ್ಟರೆ ಯಾವ ಗೋಡೆ ಯಾವ ಮಳೆಗಾಲದಲ್ಲಿ ಎಷ್ಟು ಕುಸಿಯಿತು ಎಂದು ಎಂಜಿನಿಯರ್ ಒಬ್ಬರು ಓದಿ ಹೇಳಬಹುದು. ಗ್ರೀನ್‌ಲಾ, ಗೋಲಿಂಗ್ಸ್ ಪಟಗಳ ಜೋಡಿಯ ಕೆಲಸವನ್ನೇ ಇವು ವರ್ಷವರ್ಷ ಮಾಡಬಹುದು. ತೊಂದರೆ ಏನೆಂದರೆ ಈಗಿನ ಮೊಬೈಲಿನ ಪೋರ್ಟ್ರೇಟ್ ಮೋಡು ಜೋಡಿಯ ಮುಖವನ್ನು ಚೂಪಾಗಿಸಿ ಹಿಂದಿನ ಗೋಡೆಯನ್ನು ಮಸುಕಾಗಿಸುತ್ತದೆ. ಕಮಾನು ಇದೆಯೋ ಬಿದ್ದಿದೆಯೋ ಎಂದು ಅದರಲ್ಲಿ ಹೇಳಲಾಗದು. ಕೆಲಸಕ್ಕೆ ಬರುವುದು ದಡದಿಂದಲೇ ಇಡೀ ಕಟ್ಟಡವನ್ನು ತೆಗೆದು, ಚೆನ್ನಾಗಿ ಬರಲಿಲ್ಲ ಎಂದು ಯಾರಿಗೂ ತೋರಿಸದೆ ಇಟ್ಟುಕೊಂಡಿರುವವರ ಪಟಗಳು. ಅವುಗಳನ್ನು ಜನರಿಂದ ಕೇಳಿ ಪಡೆದು, ತಾರೀಕಿನ ಪ್ರಕಾರ ಜೋಡಿಸುವ ಕೆಲಸವನ್ನು ಹಾಸನದ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಹುಡುಗ ಹುಡುಗಿಯರು ಒಂದು ಸೆಮಿಸ್ಟರಿನ ಪ್ರಾಜೆಕ್ಟಾಗಿ ಮಾಡಿ ಮುಗಿಸಬಹುದು.